ಬೈಯುವ ಮುಂಚೆ ಕೇಳಬೇಕಾದ ಪ್ರಶ್ನೆ

ನಾನು ಫೆಡರಲ್ ಜಡ್ಜ್ ಆದ ದಿನದಿಂದ ಡೆಟ್ರಾಯಿಟ್ ಪಕ್ಕದ ನಾರ್ತ್‌ವಿಲ್‌ನ ಕನ್ನಡದವರು ನನ್ನ ಹತ್ತಿರ ಗಾಸಿಪ್ ಮಾಡುವುದನ್ನು ನಿಲ್ಲಿಸಿಬಿಟ್ಟರು. ಕಪ್ಪು ಗೌನು, ದೊಡ್ಡ ಕುರ್ಚಿ, ಸಾಯುವವರೆಗೂ ಯಾರೂ ಕಿತ್ತುಹಾಕಲಾಗದ ಕೆಲಸ, ಎಲ್ಲ ಸಿಕ್ಕಿತು. ಆದರೆ ಯಾರ ಮಗಳು ಯಾರ ಜೊತೆ ಓಡಾಡುತ್ತಿದ್ದಾಳೆ, ಯಾರ ಮನೆಯ ಗೃಹಪ್ರವೇಶದಲ್ಲಿ ಪಲಾವ್ ಹಳಸಿತ್ತು, ಇಂಥ ಒಂದು ಸುದ್ದಿಯೂ ನನಗೆ ತಲುಪದೆ ಹತ್ತೊಂಬತ್ತು ವರ್ಷವಾಯಿತು. ಎಲ್ಲರೂ ಅಡುಗೆ ತರುವ ಪಾಟ್‌ಲಕ್‌ಗೆ ನಾನು ಕಾಲಿಟ್ಟರೆ ಸಾಕು, ಹೆಂಗಸರು ಹವಾಮಾನಕ್ಕೆ ಜಾರಿಕೊಳ್ಳುತ್ತಾರೆ. "ನಾಳೆ ಮೈನಸ್ ಸೆವೆನ್ ಡಿಗ್ರೀಸ್ ಅಂತೆ ಆಂಟಿ, ವಿಂಡ್ ಚಿಲ್ ಬೇರೆ."

ನಾನೂ ದೂರ ಇದ್ದೆ ಅನ್ನಿ. ನಮ್ಮ ಕೆಲಸದಲ್ಲಿ ಒಂದು ನಿಯಮ: ಕೇಸಿನಲ್ಲಿರುವ ಮನುಷ್ಯ ಪರಿಚಯದವನಾದರೆ ಆ ಕೇಸನ್ನು ಬೇರೆ ಜಡ್ಜಿಗೆ ಬಿಟ್ಟುಕೊಡಬೇಕು. ನಮ್ಮವರ ಪೈಕಿ ಒಬ್ಬರ ಮನೆಯಲ್ಲಿ ಒಂದು ಲೋಟ ಕಾಫಿ ಕುಡಿದರೆ ನೂರು ಜನ ಪರಿಚಯವಾಗುತ್ತಾರೆ. ಹಾಗಾಗಿ ಹಬ್ಬ, ನಾಟಕ, ಪಿಕ್ನಿಕ್ ಎಲ್ಲ ಒಂದೊಂದಾಗಿ ಬಿಟ್ಟೆ. ಕನ್ನಡ ಮಾತಾಡಲು ಉಳಿದವರು ನನ್ನ ಗಂಡ ಒಬ್ಬರು. ಕಾರ್ ಕಂಪನಿಯಿಂದ ರಿಟೈರ್ ಆದ ಇಂಜಿನಿಯರು. ದಿನಕ್ಕೆ ನಾಲ್ಕು ವಾಕ್ಯ ಮಾತಾಡುತ್ತಾರೆ, ಅದರಲ್ಲಿ ಎರಡು ಮನೆ ಬಿಸಿ ಮಾಡುವ ಫರ್ನೇಸಿನ ಫಿಲ್ಟರ್ ಬಗ್ಗೆ.

ನಾನು ಓದಿದ್ದು ಮೈಸೂರಿನ ಒಂದು ಕಾನ್ವೆಂಟಿನಲ್ಲಿ. ಅಲ್ಲಿನ ಸಿಸ್ಟರುಗಳೂ ಕಪ್ಪು ಗೌನಿನವರೇ, ಅವರನ್ನೂ ಅಲ್ಲಿಂದ ಯಾರೂ ಕಿತ್ತುಹಾಕುವಂತಿರಲಿಲ್ಲ. ಬೈಸಿಕೊಳ್ಳುವುದಕ್ಕೆ ಅಲ್ಲಿ ಒಂದು ಪದ್ಧತಿ ಇತ್ತು. ಕಣ್ಣು ನಮ್ಮ ಶೂ ಮೇಲೆ, ಕೈ ಕಟ್ಟಿರಬೇಕು, ಬಾಯಿ ಮುಚ್ಚಿರಬೇಕು. ಮನೆಗೆ ಬಂದರೆ ಅಜ್ಜಿಯದೂ ಅದೇ ಪದ್ಧತಿ, ಶೂ ಒಂದು ಇರಲಿಲ್ಲ. ತಪ್ಪು ಮಾಡಿದವರು ಬಾಯಿ ಬಿಟ್ಟರೆ ಅದು ಎರಡನೇ ತಪ್ಪು. "ಎದುರು ಮಾತಾಡ್ತೀಯಾ?" ಎಂಬುದು ಪ್ರಶ್ನೆಯಲ್ಲ ಅಂತ ನಮಗೆ ನಾಲ್ಕು ವರ್ಷಕ್ಕೇ ಗೊತ್ತಿತ್ತು.

ಇಪ್ಪತ್ತಮೂರಕ್ಕೆ ಮದುವೆಯಾಗಿ ಮಿಶಿಗನ್‌ಗೆ ಬಂದೆ. ಹಿಮ ನೋಡಿ ನೋಡಿ ಬೇಜಾರಾಗಿ ಡೆಟ್ರಾಯಿಟ್ ನಗರದ ಡೌನ್‌ಟೌನಿನಲ್ಲಿ ಸಂಜೆ ಲಾ ಸ್ಕೂಲ್ ಸೇರಿದೆ. ಮನೆಯಲ್ಲಿ ಕೂತರೆ ಹುಚ್ಚು ಹಿಡಿಯುತ್ತೆ ಅನ್ನುವುದೇ ಕಾರಣ. ನ್ಯಾಯ, ಸಮಾನತೆ ಅಂತ ನಾನು ಭಾಷಣಗಳಲ್ಲಿ ಹೇಳಿದ್ದೆಲ್ಲ ಆಮೇಲೆ ಸೇರಿಸಿದ್ದು. ಹಲವು ವರ್ಷ ಸರ್ಕಾರಿ ವಕೀಲೆಯಾಗಿದ್ದೆ. ಜಡ್ಜ್ ಹುದ್ದೆಗೆ ಹೆಸರು ಹೋದಾಗ ಸರ್ಕಾರದ ಕಡೆಯ ಇಬ್ಬರು ಸೂಟಿನ ಗಂಡಸರು ನಮ್ಮ ಬಡಾವಣೆ ತುಂಬ ಬೆಲ್ ಒತ್ತಿ ನನ್ನ ನಡತೆ ವಿಚಾರಿಸಿದರು. "ಅವರು ಕುಡೀತಾರಾ?" ಅಂತ ಕೇಳಿದರಂತೆ. ಪಕ್ಕದ ಮನೆಯ ಹೆಂಗಸು, ನಮ್ಮ ಬೆಂಗಳೂರಿನವಳೇ, ಗಾಬರಿಯಲ್ಲಿ "ಯೆಸ್, ಮಾರ್ನಿಂಗ್ ಟೂ ಕಪ್ಸ್, ಈವ್ನಿಂಗ್ ಒನ್" ಅಂದಳಂತೆ. ಅದು ಕಾಫಿ ಅಂತ ತಿಳಿದುಕೊಳ್ಳಲು ಅವರು ಇನ್ನೊಂದು ಸಲ ಬರಬೇಕಾಯಿತು. ವಾಷಿಂಗ್ಟನ್ನಿನಲ್ಲಿ ಸೆನೆಟರುಗಳ ಮುಂದೆ ಕೂತೆ, ಒಬ್ಬರು ನನ್ನ ಸೀರೆ ಮೆಚ್ಚಿಕೊಂಡರು, ಇನ್ನೊಬ್ಬರು ನಿದ್ದೆ ಮಾಡುತ್ತಿದ್ದರು. ಹಾಗೆ ಆಯಿತು.

ಟ್ರಯಲ್ ಜಡ್ಜ್ ಅಂದರೆ ದಿನವೆಲ್ಲ ಸುತ್ತಿಗೆ ಬಡಿಯುವವಳು ಅಂದುಕೊಳ್ಳಬೇಡಿ. ನನ್ನ ಸುತ್ತಿಗೆ ಪೇಪರ್ ಹಾರದಂತೆ ಇಡುವುದಕ್ಕೆ. ಕೆಲಸದ ಬಹುಪಾಲು ಓದುವುದು, ಕಾಯುವುದು, ವಕೀಲರ ಜಗಳ ಬಿಡಿಸುವುದು. ಕಷ್ಟದ್ದು ಒಂದೇ, ಶಿಕ್ಷೆ ಹೇಳುವ ದಿನ. ಆ ದಿನಕ್ಕೆ ಒಂದು ನಿಯಮ ಇದೆ. ಶಿಕ್ಷೆ ಹೇಳುವ ಮುಂಚೆ ಜಡ್ಜ್ ಆ ಮನುಷ್ಯನ ಮುಖ ನೋಡಿ, ಅವನ ವಕೀಲನನ್ನಲ್ಲ ಅವನನ್ನೇ, "ನೀವೇನಾದರೂ ಹೇಳಬೇಕೆಂದಿದ್ದೀರಾ?" ಅಂತ ಕೇಳಲೇಬೇಕು. ಕೇಳದೆ ಹೇಳಿದ ಶಿಕ್ಷೆ ನಿಲ್ಲುವುದಿಲ್ಲ. ಇದನ್ನು ಲಾ ಸ್ಕೂಲಿನಲ್ಲಿ ಮೊದಲು ಓದಿದಾಗ ನನಗೆ ನಗು ಬಂದಿತ್ತು. ನಮ್ಮ ಅಜ್ಜಿ ಕೇಳಿದ್ದರೆ ಇವರ ದೇಶ ಇನ್ನೂ ಹೇಗೆ ನಿಂತಿದೆ ಅನ್ನುತ್ತಿದ್ದಳು.

ಆ ಪ್ರಶ್ನೆಗೆ ಬಂದ ಉತ್ತರಗಳನ್ನು ಬರೆದಿಟ್ಟಿದ್ದರೆ ಒಂದು ಪುಸ್ತಕವಾಗುತ್ತಿತ್ತು. ಒಬ್ಬ ತನ್ನ ನಾಯಿಯನ್ನು ಯಾರು ನೋಡಿಕೊಳ್ಳುತ್ತಾರೆ ಅಂತ ನನ್ನನ್ನೇ ಕೇಳಿದ. ಒಬ್ಬ "ಜಡ್ಜ್, ನಿಮ್ಮ ಇಂಗ್ಲಿಷ್ ಎಷ್ಟು ಚೆನ್ನಾಗಿದೆ" ಅಂದ. ಅವನಿಗೆ ಆರು ವರ್ಷ ಕೊಟ್ಟೆ, ಅದಕ್ಕಲ್ಲ.

ಈ ಪ್ರಶ್ನೆ ಮರೆಯದಂತೆ ನೋಡಿಕೊಳ್ಳುತ್ತಿದ್ದವಳು ನನ್ನ ಕೋರ್ಟ್ ಡೆಪ್ಯುಟಿ. ಡೆಟ್ರಾಯಿಟ್‌ನಲ್ಲೇ ಹುಟ್ಟಿ ಬೆಳೆದ ಕರಿಯ ಹೆಂಗಸು, ನನ್ನ ಕೆಳಗಿನ ಮೇಜಿನಲ್ಲಿ ಕೂತು ಫೈಲು, ತಾರೀಖು, ನನ್ನ ಕೋಪ ಮೂರನ್ನೂ ಸಂಭಾಳಿಸುವವಳು. ಶಿಕ್ಷೆಯ ದಿನ ನನ್ನ ಮುಂದೆ ಒಂದು ಹಳದಿ ಚೀಟಿ ಅಂಟಿಸುತ್ತಿದ್ದಳು. ಅದರಲ್ಲಿ ಒಂದೇ ಪದ: "ಕೇಳಿ." ಸಾವಿರ ಸಲವಾದರೂ ಕೇಳಿದ್ದೇನೆ. ಚೀಟಿ ಬೇಡ ಅಂತ ನಾನು ರೇಗುತ್ತಿದ್ದೆ. "ನಿಮಗಲ್ಲ ಜಡ್ಜ್, ನನ್ನ ಸಮಾಧಾನಕ್ಕೆ," ಅನ್ನುತ್ತಿದ್ದಳು.

ಅವಳು ಮೊಣಕಾಲಿನ ಆಪರೇಷನ್‌ಗೆ ರಜೆ ಹಾಕಿದ್ದ ವಾರ ಒಬ್ಬ ಕನ್ನಡದವನ ಶಿಕ್ಷೆಯ ದಿನ ಬಂತು.

ಅವನು ಇಲ್ಲೇ ಹುಟ್ಟಿದವನು, ನಲವತ್ತು ದಾಟಿತ್ತು. ಒಂದು ಸಣ್ಣ ಕನ್ಸಲ್ಟಿಂಗ್ ಕಂಪನಿ ಇಟ್ಟುಕೊಂಡು ಐಟಿ ಜನರಿಗೆ ವೀಸಾ ಅರ್ಜಿ ಹಾಕುತ್ತಿದ್ದ. ಇಂಥ ಕಡೆ ಇವರಿಗೆ ಕೆಲಸ ಕಾದಿದೆ ಅಂತ ಅರ್ಜಿ ಜೊತೆ ಒಂದು ಕಾಗದ ಬೇಕು. ಕೆಲಸ ಇರಲಿಲ್ಲ, ಕಾಗದ ಮಾತ್ರ ಇತ್ತು. ಅದಕ್ಕೆ ಸಹಿ ಹಾಕಿದ ಮ್ಯಾನೇಜರ್ ಹುಟ್ಟಿಯೇ ಇರಲಿಲ್ಲ. ಅವನು ತಪ್ಪೊಪ್ಪಿಕೊಂಡಿದ್ದ. ನಾನು ಮೊದಲ ದಿನವೇ ಎರಡೂ ಕಡೆಯವರಿಗೆ ಹೇಳಿದ್ದೆ: ಇವರ ಭಾಷೆ ನನ್ನ ಭಾಷೆ, ಆದರೆ ಇವರ ಪರಿಚಯ ಇಲ್ಲ, ಆಕ್ಷೇಪ ಇದ್ದರೆ ಕೇಸು ಬಿಡುತ್ತೇನೆ. ಯಾರೂ ಆಕ್ಷೇಪಿಸಲಿಲ್ಲ.

ಹಾಗೆ ಮೋಸಹೋದವರಲ್ಲಿ ಚಿಕಾಗೋ ಹತ್ತಿರದ ಶಾಮ್‌ಬರ್ಗ್‌ನ ಒಬ್ಬರು ನನಗೆ ಕಾಗದ ಬರೆದಿದ್ದರು. ಧಾರವಾಡ ಕಡೆಯವರು. ಕೆಲಸವಿಲ್ಲದೆ ಅಪಾರ್ಟ್‌ಮೆಂಟಿನಲ್ಲಿ ತಿಂಗಳುಗಟ್ಟಲೆ ಕೂತಿದ್ದಾಗ ಊರಲ್ಲಿ ಅವರ ತಂದೆಗೆ ಸೀರಿಯಸ್ ಆಯಿತಂತೆ. ಇವನಿಗೆ ಫೋನ್ ಮಾಡಿ ಹೋಗಿ ಬರಲೇ ಅಂತ ಕೇಳಿದ್ದಾರೆ. "ಪೇಪರ್ಸ್ ಪ್ರೊಸೆಸ್‌ನಲ್ಲಿವೆ, ಹೋದರೆ ವಾಪಸ್ ಬರಕ್ಕಾಗಲ್ಲ" ಅಂದಿದ್ದಾನೆ. ಯಾವ ಪೇಪರೂ ಯಾವ ಪ್ರೊಸೆಸ್‌ನಲ್ಲೂ ಇರಲಿಲ್ಲ. ತಂದೆ ಹೋದರು, ಮಗ ವಿಡಿಯೋದಲ್ಲಿ ಮಣ್ಣು ನೋಡಿದರು. ಕಾಗದದ ಕೊನೆಯಲ್ಲಿ ಹೀಗಿತ್ತು: ನನಗೆ ಪರಿಹಾರ ಬೇಡ. ಆ ಸುಳ್ಳು ಕಾಗದ ನಾನೇ ಬರೆದೆ ಅಂತ ಅವರು ನನ್ನ ಮುಖ ನೋಡಿ ಹೇಳಲಿ, ನಾನು ಬಂದು ಕೂತಿರುತ್ತೇನೆ.

ಇದನ್ನು ಓದಿಕೊಂಡೇ ಬೆಂಚಿಗೆ ಹೋದೆ. ಶಾಮ್‌ಬರ್ಗ್‌ನವರು ಐದು ಗಂಟೆ ಡ್ರೈವ್ ಮಾಡಿಕೊಂಡು ಬಂದು ಮೂರನೇ ಸಾಲಿನಲ್ಲಿ ಕೂತಿದ್ದರು, ದಪ್ಪ ಜಾಕೆಟ್ ಬಿಚ್ಚಿರಲಿಲ್ಲ. ಮುಂದಿನ ಸಾಲಿನಲ್ಲಿ ಆರೋಪಿಯ ತಾಯಿ, ಕಾಟನ್ ಸೀರೆ ಮೇಲೆ ಸ್ವೆಟರು, ಕಾಲಲ್ಲಿ ಸ್ನೀಕರ್ಸು. ಅವನು ಎದ್ದು ನಿಂತ. ತಲೆ ತಗ್ಗಿಸಿದ, ಕೈ ಕಟ್ಟಿದ, ಕಣ್ಣು ಶೂ ಮೇಲಿಟ್ಟ.

ನನ್ನ ಕೋರ್ಟಿನಲ್ಲಿ ಅಷ್ಟು ವರ್ಷದಲ್ಲಿ ಯಾರೂ ಹಾಗೆ ನಿಂತಿರಲಿಲ್ಲ. ಅಮೆರಿಕದವರು ನೇರ ನಿಂತು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾರೆ, ಅದು ಅವರಿಗೆ ಮರ್ಯಾದೆ. ಇವನ ತಾಯಿ ಇವನನ್ನು ನಮ್ಮ ಹಾಗೆ ಬೆಳೆಸಿದ್ದಳು. ನೋಡಿದ ಕೂಡಲೇ ನನ್ನೊಳಗಿದ್ದ ಸಿಸ್ಟರು, ಅಜ್ಜಿ, ಆಂಟಿ ಮೂವರೂ ಒಟ್ಟಿಗೆ ಎದ್ದರು. ಶುರು ಮಾಡಿದೆ. ನಂಬಿದವರಿಗೆ ಹೀಗೆ ಮಾಡುವುದೇ, ನಿಮ್ಮ ತಂದೆತಾಯಿ ಇಲ್ಲಿ ಹೇಗೆ ದುಡಿದು ಹೆಸರು ಉಳಿಸಿಕೊಂಡರು, ಒಬ್ಬ ಮಗನನ್ನು ತಂದೆಯ ಹೆಣದಿಂದ ದೂರ ಇಟ್ಟಿರಲ್ಲ. ಇಂಗ್ಲಿಷಿನಲ್ಲೇ ಹೇಳಿದೆ, ಆದರೆ ಅದು ಕನ್ನಡದ ಬೈಗುಳ. ಅವನು ಒಂದು ಸಲ ತಲೆ ಎತ್ತಿ ಬಾಯಿ ತೆರೆದ. ನಾನು ಕೈ ಎತ್ತಿ ತಡೆದೆ. ಹದಿನೆಂಟು ತಿಂಗಳು ಅಂದೆ. ಎದ್ದು ಹೋದೆ.

ಪ್ರಶ್ನೆ ಕೇಳಿರಲಿಲ್ಲ. ಅವನ ವಕೀಲನಿಗೂ ಹೊಳೆಯಲಿಲ್ಲ, ಸರ್ಕಾರಿ ವಕೀಲನಿಗೂ ಹೊಳೆಯಲಿಲ್ಲ, ಊಟದ ಹೊತ್ತು. ನನಗಂತೂ ಅವತ್ತು ಒಳ್ಳೆ ಕೆಲಸ ಮಾಡಿದೆ ಅನ್ನಿಸಿ ಹಸಿವು ಜಾಸ್ತಿಯಾಗಿತ್ತು.

ಅವನು ಜೈಲಿಗೆ ಹೋದ, ಅಲ್ಲಿಂದಲೇ ಅಪೀಲು ಹಾಕಿದ. ಸುಮಾರು ಒಂದು ವರ್ಷದ ಮೇಲೆ ಮೇಲಿನ ಕೋರ್ಟಿನಿಂದ ನಾಲ್ಕು ಪುಟ ಬಂತು. ಮೂವರು ಜಡ್ಜ್‌ಗಳು ಬಹಳ ಗೌರವದಿಂದ, ಶಾಲಿನಲ್ಲಿ ಸುತ್ತಿ, ಚಪ್ಪಲಿ ಎಸೆದಿದ್ದರು. ಅನುಭವಿಗಳಾದ ವಿಚಾರಣಾ ನ್ಯಾಯಾಧೀಶರು ಪ್ರತಿವಾದಿಗೆ ಮಾತಾಡಲು ಅವಕಾಶ ಕೊಡಲು ಮರೆತಂತೆ ಕಾಣುತ್ತದೆ. ಶಿಕ್ಷೆ ರದ್ದು, ಅವರೇ ಮತ್ತೆ ಕೇಳಿ ಹೇಳಲಿ.

ಡೆಪ್ಯುಟಿ ನನ್ನ ರೂಮಿಗೆ ಹಳೆಯ ವಿಚಾರಣೆಯ ದಾಖಲೆ ತಂದು ಪುಟ ಎಣಿಸಿದಳು. "ಇಲ್ಲಿಂದ ಇಲ್ಲಿಯವರೆಗೆ ನೀವು, ಜಡ್ಜ್. ಹನ್ನೊಂದು ಪುಟ. ಅವನದು ಎಲ್ಲಿದೆ ಹುಡುಕ್ತಾ ಇದೀನಿ."

"ಸಿಕ್ಕಿತಾ?"

"ಹಾಂ, ಸಿಕ್ಕಿತು. 'ಗುಡ್ ಮಾರ್ನಿಂಗ್ ಯುವರ್ ಆನರ್.' ಅಷ್ಟೇ."

"ನೀನಿದ್ದಿದ್ದರೆ ಆಗ್ತಿರಲಿಲ್ಲ."

"ನನ್ನ ಮೊಣಕಾಲಿನ ಮೇಲೆ ಹಾಕಬೇಡಿ," ಅಂದಳು.

ಬೈಗುಳ ತಿಂದದ್ದಕ್ಕೆ ನನಗೆ ನಾಚಿಕೆಯಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ನನ್ನನ್ನು ಕಾಡಿದ್ದು ಬೇರೆ. ಮೂರನೇ ಸಾಲಿನವರು ಬಂದದ್ದು ನನ್ನ ಹನ್ನೊಂದು ಪುಟ ಕೇಳಲಿಕ್ಕಲ್ಲ, ಅವನ ಬಾಯಿಂದ ಒಂದು ಮಾತು ಕೇಳಲಿಕ್ಕೆ. ಅವನು ಬಾಯಿ ತೆರೆದಿದ್ದ, ನಾನು ಕೈ ಅಡ್ಡ ಹಿಡಿದೆ. ಇನ್ನೊಮ್ಮೆ ಐದು ಗಂಟೆ ಡ್ರೈವ್ ಮಾಡಿ ಬನ್ನಿ ಅಂತ ಯಾವ ಮುಖದಲ್ಲಿ ಹೇಳುವುದು?

ಎರಡನೇ ವಿಚಾರಣೆಗೆ ಅವನನ್ನು ಜೈಲಿಂದ ಕರೆತಂದರು. ತೆಳ್ಳಗಾಗಿದ್ದ. ಮತ್ತೆ ಅದೇ ರೀತಿ ನಿಂತ, ಶೂ ಬದಲು ಜೈಲಿನ ಚಪ್ಪಲಿ. ಹಳದಿ ಚೀಟಿ ಈ ಸಲ ಎರಡಿದ್ದವು. ನಾನು ಕನ್ನಡಕ ತೆಗೆದು, ನಿಧಾನವಾಗಿ, ಸ್ಕೂಲಿನ ಪದ್ಯ ಒಪ್ಪಿಸುವ ಹಾಗೆ ಕೇಳಿದೆ. "ಶಿಕ್ಷೆ ಹೇಳುವ ಮುಂಚೆ ನೀವೇನಾದರೂ ಹೇಳಬೇಕೆಂದಿದ್ದೀರಾ?"

ಅವನು ಹಿಂದೆ ತಿರುಗಿ ಮೂರನೇ ಸಾಲು ನೋಡಿದ. ಖಾಲಿ ಇತ್ತು. "ನೋ, ಯುವರ್ ಆನರ್."

ಅವನ ವಕೀಲ ತೋಳು ಎಳೆದ. ನಾನು, "ಇದಕ್ಕಾಗಿ ಮೇಲಿನ ಕೋರ್ಟಿನವರೆಗೆ ಹೋಗಿದ್ದೀರಿ," ಅಂದೆ.

"ಹೋಗಿದ್ದೆ. ಹೇಳಬೇಕಾಗಿದ್ದು ನಿಮಗಲ್ಲ," ಅಂದ ಇಂಗ್ಲಿಷಿನಲ್ಲಿ. "ಅವರು ಇವತ್ತು ಬಂದಿಲ್ಲ."

ಸರ್ಕಾರಿ ವಕೀಲ ಎದ್ದ, ಎಳೆಯವನು, ಕೂದಲು ಬಹಳ ಚೆನ್ನಾಗಿ ಬಾಚಿರುತ್ತಾನೆ. ಶಾಮ್‌ಬರ್ಗ್‌ನವರಿಗೆ ನೋಟಿಸ್ ಹೋಗಿದೆ, ಅವರಿಗೀಗ ಡೆಸ್ ಪ್ಲೇನ್ಸ್‌ನಲ್ಲಿ ಏರ್‌ಪೋರ್ಟ್ ಪಕ್ಕ ಹೊಸ ಕೆಲಸ, ರಜೆ ಸಿಗಲಿಲ್ಲವಂತೆ ಅಂದ. "ನಿಯಮದ ಪ್ರಕಾರ ನೀವು ಕೇಳಿದಿರಿ, ಪ್ರತಿವಾದಿ ಬೇಡ ಅಂದರು. ಮುಂದುವರಿಯಬಹುದು, ಯುವರ್ ಆನರ್."

ಸರಿಯಾಗೇ ಹೇಳಿದ. ಈ ಸಲ ಮೂವರು ಜಡ್ಜ್‌ಗಳಿಗೂ ನನ್ನಲ್ಲಿ ತಪ್ಪು ಸಿಗುತ್ತಿರಲಿಲ್ಲ. ಇನ್ನೊಂದು ವಿಷಯ, ನಾನು ಯಾವ ಕೇಸನ್ನೂ ಮುಂದಕ್ಕೆ ಹಾಕುವವಳಲ್ಲ. ವಕೀಲರಿಗೆ ಹೆಂಡತಿಯ ಹೆರಿಗೆ ಇದ್ದರೂ ಆಸ್ಪತ್ರೆಯ ಹೆಸರು ಕೇಳುತ್ತೇನೆ ಅಂತ ಕಾರಿಡಾರಿನಲ್ಲಿ ನನ್ನ ಖ್ಯಾತಿ. ಅದೆಲ್ಲ ಗೊತ್ತಿದ್ದೂ ಡೆಪ್ಯುಟಿ ಕಡೆ ಬಗ್ಗಿ, "ರಜೆ ಹಾಕಕ್ಕೆ ಅವರಿಗೆ ಯಾವತ್ತು ಆಗುತ್ತೆ ಅಂತ ವಿಚಾರಿಸು. ಮುಂದಕ್ಕೆ ಹಾಕ್ತಿದೀನಿ," ಅಂದೆ.

"ಯಾವ ಆಧಾರದ ಮೇಲೆ?" ಅಂದ ಕೂದಲಿನವನು.

"ಹುಡುಕಿ ಬರೀತೀನಿ. ಕೂತ್ಕೊಳ್ಳಿ."

ತಾಯಿ ಮೊದಲ ಸಾಲಿನಲ್ಲಿ ತಲೆ ಅಲ್ಲಾಡಿಸುತ್ತಿದ್ದಳು. ಮಗನನ್ನು ಈ ಮುದುಕಿ ಇನ್ನೆಷ್ಟು ಸಲ ಎಳೆದಾಡುತ್ತಾಳೋ ಅಂತ ಇರಬೇಕು. ಅವಳ ಜಾಗದಲ್ಲಿ ನಾನಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದೆ.

ಎರಡು ವಾರ ಬಿಟ್ಟು ಒಂದು ಶುಕ್ರವಾರ, ಮಧ್ಯಾಹ್ನ ಒಂದು ಗಂಟೆಗೆ ಇಟ್ಟೆವು. ಚಿಕಾಗೋ ಟೈಮು ನಮಗಿಂತ ಒಂದು ಗಂಟೆ ಹಿಂದೆ, ಅದನ್ನು ಡೆಪ್ಯುಟಿಯೇ ನೆನಪಿಟ್ಟಳು. ಒಂದು ಗಂಟೆಯಾಯಿತು, ಅವರಿಲ್ಲ. ಹೈವೇಯಲ್ಲಿ ರಿಪೇರಿ, ಎರಡು ಲೇನ್ ಮುಚ್ಚಿದ್ದಾರೆ ಅಂತ ಫೋನ್ ಬಂತು. ಕಾಯೋಣ ಅಂದೆ. ಅರ್ಧ ಗಂಟೆ ಎಲ್ಲರೂ ಸುಮ್ಮನೆ ಕೂತೆವು. ನಾನು ಯಾರಿಗೂ ಹಾಗೆ ಕಾದವಳಲ್ಲ, ಗಂಡನಿಗೂ ಕಾದಿಲ್ಲ. ಸರ್ಕಾರಿ ವಕೀಲ ಗಡಿಯಾರ ನೋಡುವುದು, ನಾನು ಅವನನ್ನು ನೋಡುವುದು, ಹಾಗೇ ನಡೆಯಿತು.

ಒಂದೂವರೆಗೆ ಬಾಗಿಲು ತೆರೆದು ಶಾಮ್‌ಬರ್ಗ್‌ನವರು ಬಂದರು. ಅದೇ ಜಾಕೆಟ್. ಮೂರನೇ ಸಾಲಿನಲ್ಲಿ ಕೂತರು. ನಾನು ಪ್ರಶ್ನೆ ಕೇಳಿದೆ.

ಅವನು ನನಗೆ ಬೆನ್ನು ಹಾಕಿ ತಿರುಗಿದ. ಕಾವಲಿಗಿದ್ದ ಮಾರ್ಷಲ್ ಮುಂದೆ ಬಂದ, ನಾನು ಇರಲಿ ಅಂತ ಸನ್ನೆ ಮಾಡಿದೆ. ಕೈ ಕಟ್ಟಿದ್ದನ್ನು ಅವನು ಬಿಚ್ಚಿದ, ಎಲ್ಲಿಡಬೇಕೋ ತಿಳಿಯದೆ ಪಕ್ಕದಲ್ಲಿ ಇಳಿಬಿಟ್ಟ. ಇಂಗ್ಲಿಷಿನಲ್ಲಿ ಹೇಳಿದ. "ಆ ಕಾಗದ ನಾನೇ ಬರೆದೆ. ಅಂಥ ಮ್ಯಾನೇಜರ್ ಯಾರೂ ಇಲ್ಲ. ನನ್ನ ಅಕ್ಷರ ಗೊತ್ತಾಗಬಾರದು ಅಂತ ಎಡಗೈಯಲ್ಲಿ ಸಹಿ ಹಾಕಿದೆ, ಮೂರು ಸಲ ಪ್ರಾಕ್ಟೀಸ್ ಮಾಡಿದೆ. ನಿಮ್ಮ ತಂದೆ ವಿಷಯಕ್ಕೆ ನೀವು ಫೋನ್ ಮಾಡಿದಾಗ ನಾನು ಮಾಲ್‌ನಲ್ಲಿದ್ದೆ. ಪೇಪರ್ಸ್ ಇಲ್ಲ ಅಂತ ನನಗೆ ಗೊತ್ತಿತ್ತು. ನೀವು ಹೋದರೆ ಎಲ್ಲ ಹೊರಗೆ ಬರುತ್ತೆ ಅಂತ ಹೋಗಬೇಡಿ ಅಂದೆ. ಫೋನ್ ಇಟ್ಟು ಶೂ ಕೊಂಡುಕೊಂಡೆ."

ವಕೀಲ ಬರೆದುಕೊಟ್ಟಿದ್ದ ಹಾಳೆ ಮೇಜಿನ ಮೇಲೇ ಇತ್ತು. ಇನ್ನೇನೋ ಬೇಕು, ಇಂಗ್ಲಿಷಿನಲ್ಲಿ ಸಿಗುತ್ತಿಲ್ಲ ಅಂತ ಅವನ ಮುಖದಲ್ಲಿ ಕಾಣುತ್ತಿತ್ತು. ಆಮೇಲೆ ಕನ್ನಡದಲ್ಲಿ, ಸಣ್ಣ ಧ್ವನಿಯಲ್ಲಿ, "ತಪ್ಪಾಯ್ತು. ಇನ್ಮೇಲೆ ಮಾಡಲ್ಲ," ಅಂದ.

ಇಲ್ಲಿ ಹುಟ್ಟಿದ ಮಕ್ಕಳಿಗೆ ಬರುವ ಕನ್ನಡ ಎಷ್ಟು ಹೇಳಿ. ಬಾ, ಊಟ, ನಿದ್ದೆ, ತಪ್ಪಾಯ್ತು. ಹೂಜಿ ಒಡೆದ ಮಗುವಿಗೆ ತಾಯಿ ಹೇಳಿಕೊಟ್ಟ ಮಾತನ್ನೇ ನಲವತ್ತು ದಾಟಿದ ಗಂಡಸು ಹೇಳಿದ. ಅವನಿಗೆ ಬೇರೆ ಗೊತ್ತಿರಲಿಲ್ಲ.

ಮಾತನ್ನೆಲ್ಲ ಟೈಪ್ ಮಾಡುವ ಕೋರ್ಟ್ ರಿಪೋರ್ಟರ್ ಹೆಂಗಸಿನ ಬೆರಳುಗಳು ಗಾಳಿಯಲ್ಲಿ ನಿಂತವು. ಅಷ್ಟರಲ್ಲಿ ಶಾಮ್‌ಬರ್ಗ್‌ನವರು ಎದ್ದರು.

"ಇನ್ನ ಮ್ಯಾಲೆ ಮಾಡಾಂಗಿಲ್ಲ ಅಂದ್ರ?" ಅಂದರು. ಜಗಳದ ಧ್ವನಿಯಲ್ಲ, ನಿಜವಾಗಿ ಕೇಳುವ ಹಾಗೆ. "ನಮ್ಮಪ್ಪ ಇನ್ನೊಮ್ಮೆ ಸಾಯ್ತಾನೇನ್ರಿ?"

ಅವನು ತಲೆ ತಗ್ಗಿಸಲಿಲ್ಲ, ಅವರನ್ನೇ ನೋಡುತ್ತಿದ್ದ. ಅವರೂ ನೋಡಿದರು. ಆಮೇಲೆ, "ಇರ್ಲಿ. ಹೇಳಿದ್ರಲ್ಲ, ಆತು," ಅಂದು ಕೂತರು. ಆಗ ಜಾಕೆಟ್ ಬಿಚ್ಚಿದರು.

ಸರ್ಕಾರಿ ವಕೀಲ, "ಯುವರ್ ಆನರ್, ಇದು ಯಾವ ಭಾಷೆ? ದಾಖಲೆಗೆ ಅನುವಾದ ಬೇಕು," ಅಂದ. ಕೋರ್ಟಿನ ದುಭಾಷಿಗಳ ಪಟ್ಟಿಯಲ್ಲಿ ಕನ್ನಡಕ್ಕೆ ಒಬ್ಬರೂ ಇಲ್ಲ. ನಾನು ಹೇಳುವಂತಿಲ್ಲ, ಜಡ್ಜ್ ತನ್ನ ಕೋರ್ಟಿನಲ್ಲಿ ತಾನೇ ಸಾಕ್ಷಿಯಾಗುವಂತಿಲ್ಲ. ಅಷ್ಟರಲ್ಲಿ ತಾಯಿ ಎದ್ದು, "ಮೇಡಂ, ಐ ವಿಲ್ ಟೆಲ್," ಅಂದಳು. ಮಾರ್ಷಲ್ ಕೂರಿಸಿದ. ಕೂತ ಮೇಲೂ ನನಗೆ ಕೇಳಿಸುವಷ್ಟು ಗಟ್ಟಿಯಾಗಿ ಗೊಣಗಿದಳು: "ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಕೂತಿದಾರೆ ನೋಡು."

ನನ್ನ ನಾಲಿಗೆ ತುದಿಯಲ್ಲಿ ಕನ್ನಡ ಇತ್ತು. ಹತ್ತೊಂಬತ್ತು ವರ್ಷ ಕೂಡಿಟ್ಟದ್ದು. ಮೂವರಿಗೂ ಒಂದೊಂದು ಮಾತು ಹೇಳಬಹುದಿತ್ತು, ಚೆನ್ನಾಗೇ ಹೇಳುತ್ತಿದ್ದೆ. ಹೇಳಲಿಲ್ಲ. ಹದಿನೈದು ತಿಂಗಳು ಅಂತ ಇಂಗ್ಲಿಷಿನಲ್ಲಿ ಹೇಳಿದೆ. ಮೂರು ತಿಂಗಳು ಕಡಿಮೆ ಮಾಡಿದ್ದಕ್ಕೆ ಕಾರಣ ದಾಖಲೆಯಲ್ಲಿದೆ: ಜೈಲಿನಲ್ಲಿ ಓದು ಬಾರದವರಿಗೆ ಪಾಠ ಹೇಳಿಕೊಡುತ್ತಿದ್ದ. ಅದು ನಿಜವಾದ ಕಾರಣ. ಅದೊಂದೇ ಕಾರಣವೋ ಅಂತ ಯಾರೂ ಕೇಳಲಿಲ್ಲ. ಇಡೀ ತೀರ್ಪು ಒಂದು ಪುಟ ಮೀರಲಿಲ್ಲ.

ರೂಮಿಗೆ ಬಂದು ಗೌನು ಬಿಚ್ಚುತ್ತಿದ್ದೆ. ಡೆಪ್ಯುಟಿ ಬಾಗಿಲು ಹಾಕಿಕೊಂಡು ಒಳಗೆ ಬಂದಳು. "ಈಗ ಹೇಳಿ. ಏನಂದರು?"

ಹೇಳಿದೆ. ಮೊದಲು ಅವನ ಮಾತು, ಆಮೇಲೆ ಅವರದು, ಇಂಗ್ಲಿಷಿನಲ್ಲಿ ಎಷ್ಟಾಗುತ್ತೋ ಅಷ್ಟು. ಅವಳು ಕುರ್ಚಿಯ ತೋಳಿನ ಮೇಲೆ ಕೂತಳು.

"ಅಷ್ಟೇನಾ? ಇದಕ್ಕೆ ಮೂರು ಹಿಯರಿಂಗ್ ಮಾಡಿದ್ವಾ?"

"ಅಷ್ಟೇ."

"ಅಪ್ಪ ಇನ್ನೊಂದು ಸಲ ಸಾಯ್ತಾರಾ," ಅಂತ ತನಗೆ ತಾನೇ ಹೇಳಿಕೊಂಡಳು. ಎದ್ದು ನಿಂತು, "ಅದು ದಾಖಲೆಯಲ್ಲಿ ಇರಬೇಕಿತ್ತು, ಜಡ್ಜ್," ಅಂದಳು.

ದಾಖಲೆ ಬಂದಾಗ ನಾನೇ ತೆರೆದು ನೋಡಿದೆ. ಅವನು ಮಾತಾಡಿದ ಕಡೆ ರಿಪೋರ್ಟರ್ ಬರೆದಿದ್ದಳು: ಪರಭಾಷೆ. ಅವರು ಮಾತಾಡಿದ ಕಡೆಯೂ ಅದೇ: ಪರಭಾಷೆ. ತಿದ್ದುಪಡಿಗೆ ಬರೆಯಲು ಪೆನ್ ಎತ್ತಿಕೊಂಡೆ, ಜಡ್ಜ್ ಆಗಿ ನನಗೆ ಆ ಹಕ್ಕಿಲ್ಲ ಅಂತ ಕೆಳಗಿಟ್ಟೆ. ಅದಕ್ಕೇ ಇಲ್ಲಿ, ಯಾರ ಹೆಸರೂ ಹೇಳದೆ, ಅವರವರು ಆಡಿದ ಹಾಗೇ ಬರೆದಿಟ್ಟಿದ್ದೇನೆ.